ಬೀಗರ ಹೆಸರೂ ಗಾಡ್‌ಫ್ರಿ

ಮನುಷ್ಯನಿಗೆ ಸುಸ್ತಾಗಲು ಕಾರಣಗಳಿಗೇನೂ ಬರವಿಲ್ಲ. ಕೆಲವರಿಗೆ ಕೆಲಸ ಮಾಡಿ ಸುಸ್ತು, ಕೆಲವರಿಗೆ ಕೆಲಸ ಮಾಡಬೇಕಲ್ಲ ಎಂದು ಯೋಚಿಸಿಯೇ ಸುಸ್ತು, ನನ್ನ ಹೆಂಡತಿ ಕಮಲಳಿಗೆ ನನ್ನಿಂದ ಸುಸ್ತು. ನನ್ನದು ಮಾತ್ರ ಇವು ಯಾವುದಕ್ಕೂ ಸೇರಿದ್ದಲ್ಲ. ನನಗೆ ನನ್ನ ಹೆಸರಿನಿಂದ ಸುಸ್ತು. ಹೆಸರು ಕೆಟ್ಟದ್ದೇನಲ್ಲ, ಗಾಡ್‌ಫ್ರಿ. ಮಂಗಳೂರಿನ ಪ್ರಾಟೆಸ್ಟೆಂಟ್ ಮನೆತನ ನಮ್ಮದು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷು. ಇಪ್ಪತ್ತೆಂಟು ವರ್ಷಗಳಿಂದ ನೈರೋಬಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮುಂದಿನ ವರ್ಷ ನಿವೃತ್ತಿ. ಸಾವಿರಾರು ಗಿಡಗಳ ಹೆಸರನ್ನು ತಪ್ಪಿಲ್ಲದೆ ಹೇಳಬಲ್ಲೆ. ನನ್ನ ಹೆಸರು ನನ್ನದೇ ಎಂದು ನಂಬಿಸಲು ಮಾತ್ರ ಈವರೆಗೆ ಆಗಿಲ್ಲ.

ಊರಿನಲ್ಲಿದ್ದಾಗ ಕಷ್ಟ ಒಂದು ಬಗೆಯದು. ಗಾಡ್‌ಫ್ರಿ ಎಂದ ಕೂಡಲೇ ಮಂಗಳೂರಿನವರು ಕೊಂಕಣಿಯಲ್ಲಿ ಮಾತಿಗಿಳಿಯುತ್ತಿದ್ದರು. ನನಗೆ ಕೊಂಕಣಿ ಬರುವುದಿಲ್ಲ ಎಂದರೆ, ದೊಡ್ಡ ಜಂಬದ ಮನುಷ್ಯ ಎಂದು ಮುಖ ಸಿಂಡರಿಸುತ್ತಿದ್ದರು. ಬೆಂಗಳೂರಿನಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರು ನನ್ನ ಅರ್ಜಿ ನೋಡಿ, ನನ್ನ ಮಾತು ಕೇಳಿ, "ಕನ್ನಡ ಪರವಾಗಿಲ್ಲ ಸಾರ್, ಚೆನ್ನಾಗಿ ಕಲ್ತಿದ್ದೀರ" ಎಂದು ಬೆನ್ನು ತಟ್ಟುವ ಧಾಟಿಯಲ್ಲಿ ಹೇಳಿದರು. ಹುಟ್ಟಿದಾಗಿನಿಂದ ಕನ್ನಡದಲ್ಲಿ ಪ್ರಾರ್ಥನೆ ಮಾಡಿದವನಿಗೆ ಸಿಕ್ಕಿದ ಸರ್ಟಿಫಿಕೇಟು ಅದು. ಥ್ಯಾಂಕ್ಸ್ ಹೇಳಿ ಬಂದೆ, ಮತ್ತೇನು ಮಾಡುವುದು.

ಇಲ್ಲಿಗೆ ಬಂದರೆ ಕಷ್ಟ ತಿರುಗಿ ನಿಂತಿತು. ಕೀನ್ಯಾದಲ್ಲಿ ಗಾಡ್‌ಫ್ರಿ ಎಂಬ ಹೆಸರಿಗೆ ಕೊರತೆಯೇ ಇಲ್ಲ, ಆದರೆ ನನ್ನ ಮುಖಕ್ಕೆ ಅದು ಹೊಂದುವುದಿಲ್ಲ. ನನ್ನ ಮುಖದವರಿಗೆಲ್ಲ ಪಟೇಲ್ ಎಂಬ ಹೆಸರಿರಬೇಕೆಂದು ಈ ಊರು ಎಂದೋ ತೀರ್ಮಾನಿಸಿಬಿಟ್ಟಿದೆ. ಹೋದ ವರ್ಷ ಮಂಡಿನೋವಿಗೆಂದು ಆಸ್ಪತ್ರೆಗೆ ಹೋಗಿದ್ದೆ. ನರ್ಸು ಬಾಗಿಲಲ್ಲಿ ನಿಂತು "ಗಾಡ್‌ಫ್ರಿ!" ಎಂದು ಕೂಗಿದಳು. ನಾಲ್ಕು ಜನ ಎದ್ದೆವು. ಆಕೆ ನನ್ನೊಬ್ಬನ ಕಡೆ ಮಾತ್ರ ನೋಡಿ, "ಮ್ಜೇ, ನೀವು ಕೂತ್ಕೊಳ್ಳಿ, ನಿಮ್ಮ ಹೆಸರು ಆಮೇಲೆ ಬರ್ತದೆ" ಎಂದಳು. ಮ್ಜೇ ಎಂದರೆ ಹಿರಿಯರನ್ನು ಕರೆಯುವ ಮಾತು. ಅಷ್ಟು ಮರ್ಯಾದೆ ಕೊಟ್ಟ ಮೇಲೆ ವಾದ ಮಾಡುವುದು ಹೇಗೆ? ಕೂತೆ. ಉಳಿದ ಮೂವರು ಗಾಡ್‌ಫ್ರಿಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ, ಮಂಡಿ ಸರಿಯಿದೆ ಎನಿಸಿಕೊಂಡು ಹೊರಗೆ ಬಂದ ಮೇಲೆ ಆಕೆಗೆ ಅನುಮಾನ ಬಂತು.

ಇಷ್ಟು ತೊಂದರೆ ಕೊಡುವ ಹೆಸರು ಎಲ್ಲಿಂದ ಬಂತು ಎಂದು ಒಂದು ಬೇಸಿಗೆ ರಜೆಯಲ್ಲಿ ಹಟ ಹಿಡಿದು ಓದಿದೆ. ಮೂಲ ಹಳೆಯ ಜರ್ಮನ್ ಬುಡಕಟ್ಟುಗಳದ್ದು. ಮೊದಲ ಅರ್ಧಕ್ಕೆ ದೇವರು ಎಂದರ್ಥ, ಎರಡನೆಯ ಅರ್ಧಕ್ಕೆ ಶಾಂತಿ. ಜರ್ಮನರಲ್ಲಿ ಗೊಟ್‌ಫ್ರೀಡ್, ಇಟಲಿಯಲ್ಲಿ ಗೊಫ್ರೇದೊ, ಸ್ಪೇನಿನಲ್ಲಿ ಗೊಡೊಫ್ರೇದೊ, ಫ್ರೆಂಚರ ಮೂಗಿನ ಮೂಲಕ ಬಂದರೆ ಗೋಡ್‌ಫ್ರುವಾ. ಜೆಫ್ರಿ ಎಂಬುವನು ನಮಗೆ ಸೋದರನೋ ದಾಯಾದಿಯೋ ಎಂಬ ಬಗ್ಗೆ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲವಂತೆ. ಇನ್ನು ಈ ಹೆಸರು ಹೊತ್ತ ದೊಡ್ಡವರ ಕಥೆ. ಒಬ್ಬ ಸರದಾರ ಕತ್ತಿ ಹಿಡಿದು ಜೆರುಸಲೇಮಿನವರೆಗೂ ಯುದ್ಧಕ್ಕೆ ಹೋದ. ಒಬ್ಬ ಪಂಡಿತ ಗಣಿತದಲ್ಲಿ ಭಾರಿ ಸಂಗತಿಯೊಂದನ್ನು ಹುಡುಕಿ, ಮೊದಲು ಹುಡುಕಿದ್ದು ಯಾರು ಎಂಬ ಜಗಳದಲ್ಲೇ ಮುದುಕನಾದ. ದೇವರ ಶಾಂತಿ ಎಂದು ಹೆಸರಿಟ್ಟುಕೊಂಡವರಲ್ಲಿ ನೆಮ್ಮದಿಯಾಗಿ ಬಾಳಿದ ಒಬ್ಬನೂ ನನಗೆ ಸಿಗಲಿಲ್ಲ. ಅಲ್ಲಿಂದ ಮುಂದೆ ನನ್ನ ಬಗ್ಗೆ ನನಗಿದ್ದ ಬೇಸರ ಸ್ವಲ್ಪ ಕಡಿಮೆಯಾಯಿತು.

ನಮ್ಮ ಮನೆಗೆ ಅದು ಬಂದದ್ದು ನನ್ನ ಅಜ್ಜನ ಅಜ್ಜನ ಕಾಲದಲ್ಲಿ. ಆತ ಮಂಗಳೂರಿನಲ್ಲಿ ಜರ್ಮನ್ ಪಾದ್ರಿಗಳ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದ. ಜ್ಞಾನಸ್ನಾನದ ದಿನ ಪಾದ್ರಿಯೊಬ್ಬರು ತಮ್ಮ ಊರಿನ ಹೆಸರೊಂದನ್ನು ಅವನಿಗೆ ಕೊಟ್ಟರು. ಜೊತೆಗೆ ಮಣ್ಣು ತುಳಿಯುತ್ತಿದ್ದವರು ಅದನ್ನು ನಾಲಿಗೆಗೆ ಒಗ್ಗಿಸಿಕೊಂಡು "ಗೊಡ್ಪಿರಿಯಣ್ಣೆ" ಎಂದು ಕರೆದರಂತೆ. ಅಂದಿನಿಂದ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಹಿರಿಮಗನಿಗೆ ಅದೇ ಹೆಸರು. ನಮ್ಮಲ್ಲಿ ಹೆಂಗಸರಿಗೆ ಕಮಲ, ಸರೋಜ, ಸುನೀತಾ ಎಂಬ ಚಂದದ ಹೆಸರುಗಳು. ಗಂಡಸರಿಗೆ ಮಾತ್ರ ಈ ಸಾಮಾನು. ಲೆಕ್ಕದ ಪ್ರಕಾರ ನನ್ನ ಹೆಸರು ನನ್ನ ಮಗನ ಮಗನಿಗೆ ಹೋಗಬೇಕಿತ್ತು. ನನಗೆ ಇರುವುದು ಸುನೀತಾ ಒಬ್ಬಳೇ. ಹೆಸರು ನನ್ನೊಂದಿಗೇ ಮುಗಿಯುತ್ತದೆ ಎಂದು ಗೊತ್ತಾದಾಗ, ಪೀಡೆ ತೊಲಗಿತು ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದೆ. ಒಳಗೊಳಗೆ ಮಾತ್ರ ಏನೋ ಚುಚ್ಚುತ್ತಿತ್ತು. ಬೈದುಕೊಂಡೇ ಹೊತ್ತಿದ್ದರೂ ಅರವತ್ತು ವರ್ಷ ಹೊತ್ತದ್ದಲ್ಲವೇ, ದಾರಿಬದಿಯಲ್ಲಿ ಎಸೆದು ಹೋಗಲು ಮನಸ್ಸು ಬರುವುದಿಲ್ಲ.

ಸುನೀತಾ ಮದುವೆಯಾದದ್ದು ಕೆವಿನ್ ಎಂಬ ಕಿಕುಯು ಹುಡುಗನನ್ನು. ಒಳ್ಳೆಯ ಹುಡುಗ, ಇಂಜಿನಿಯರು, ಎಲ್ಲದಕ್ಕೂ "ಸವಾ, ಸವಾ" ಎನ್ನುತ್ತಾನೆ, ಆಗಲಿ ಎಂದರ್ಥ. ಮಾತುಕತೆಗೆಂದು ಲಿಮುರುವಿನ ಅವರ ಮನೆಗೆ ಹೋದಾಗ, ಎರಡೂ ಕಡೆಯ ಹಿರಿಯರು ಎದುರುಬದುರಾಗಿ ಕೂತೆವು. ಅವರ ಪದ್ಧತಿಯಲ್ಲಿ ಹಿರಿಯರು ನೇರವಾಗಿ ಮಾತಾಡುವುದಿಲ್ಲ, ಅವರ ಪರವಾಗಿ ಒಬ್ಬ ಮಾತುಗಾರ ನಿಂತು ಮಾತಾಡುತ್ತಾನೆ. ಆತ ಎದ್ದು ಗಂಟಲು ಸರಿಮಾಡಿಕೊಂಡು, "ಈಗ ಗಾಡ್‌ಫ್ರಿಯವರು ಎದ್ದು ನಿಂತು ಎಲ್ಲರಿಗೂ ಮುಖ ತೋರಿಸಬೇಕು" ಎಂದ. ನಾನು ಎದ್ದೆ. ಎದುರಿಗೆ ಕೆವಿನ್‌ನ ಅಪ್ಪನೂ ಎದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನನ್ನ ಬೀಗರ ಹೆಸರೂ ಗಾಡ್‌ಫ್ರಿ ಎಂದು ನನಗೆ ಗೊತ್ತಾದದ್ದು ಹಾಗೆ. ಚಹಾ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಾಲ್ಕು ಹಸು ಸಾಕಿಕೊಂಡು, ಯಾವ ಆತುರವೂ ಇಲ್ಲದೆ ಮಾತಾಡುವ ಮನುಷ್ಯ. ಅವರ ಪೂರ್ತಿ ಹೆಸರು ಗಾಡ್‌ಫ್ರಿ ಮ್ವಾಂಗಿ.

ಕಿಕುಯು ಜನರಲ್ಲಿ ಮಕ್ಕಳಿಗೆ ಹೆಸರಿಡುವ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಮೊದಲ ಗಂಡುಮಗುವಿಗೆ ಗಂಡನ ಅಪ್ಪನ ಹೆಸರು, ಎರಡನೆಯದಕ್ಕೆ ಹೆಂಡತಿಯ ಅಪ್ಪನ ಹೆಸರು. ಹೀಗಾಗಿ ಮೊದಲ ಮೊಮ್ಮಗ ಹುಟ್ಟಿದಾಗ ಅವನು ಮ್ವಾಂಗಿಯಾದ. ನಾನು ಸಂತೋಷದಿಂದ ಚಪ್ಪಾಳೆ ತಟ್ಟಿ, ಮನಸ್ಸಿನಲ್ಲೇ ಸರದಿಯಲ್ಲಿ ನಿಂತೆ. ಮೂರು ವರ್ಷದ ಮೇಲೆ ಎರಡನೆಯದು ಗಂಡು ಎಂದು ಕೆವಿನ್ ಫೋನ್ ಮಾಡಿದಾಗ ನಾನು ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದೆ. ಮೂವತ್ತು ಹುಡುಗರು ನಕಲು ಹೊಡೆಯಲು ಸಾಕಾಗುವಷ್ಟು ಹೊತ್ತು ಕಿಟಕಿಯಾಚೆ ನೋಡುತ್ತಾ ನಿಂತೆನಂತೆ. ಮರುದಿನವೇ ಪೇಟೆಗೆ ಹೋಗಿ ಒಳ್ಳೆಯ ಉಣ್ಣೆಯ ಕಂಬಳಿಯೊಂದನ್ನು ಕೊಂಡು, ಅದರ ಅಂಚಿನಲ್ಲಿ ನೀಲಿ ದಾರದಿಂದ ಗಾಡ್‌ಫ್ರಿ ಎಂದು ಕಸೂತಿ ಹಾಕಿಸಿದೆ. "ಅವರು ಹೆಸರು ಹೇಳುವ ಮೊದಲೇ ಎಂತ ಗಡಿಬಿಡಿ ಮಾರಾಯ್ರೆ ನಿಮ್ಮದು?" ಎಂದು ಕಮಲ ಗದರಿದಳು. "ಪದ್ಧತಿ ಉಂಟಲ್ಲ, ಇನ್ನು ಯಾರು ಹೇಳ್ಬೇಕು?" ಎಂದೆ. ಕಂಬಳಿ ಮಗುವಿಗೆ ಸ್ವಲ್ಪ ದೊಡ್ಡದಾಯಿತು ಎಂದೂ ಅವಳು ಹೇಳಿದಳು. ಬೆಳೆಯುವ ಮಗು ತಾನೇ ಎಂದು ನಾನೇ ಸಮಾಧಾನ ಹೇಳಿದೆ.

ಮುಂದಿನ ಭಾನುವಾರ ಲಂಗಾಟಾದಲ್ಲಿರುವ ಮಗಳ ಮನೆಯಲ್ಲಿ ಎಲ್ಲರೂ ಸೇರಿದೆವು. ಬೀಗಿತ್ತಿ ದೊಡ್ಡ ಫ್ಲಾಸ್ಕಿನಲ್ಲಿ ಬಾಣಂತಿಗೆಂದು ಗಂಜಿ ತಂದಿದ್ದರು, ಕಮಲ ಮೆಂತೆಯ ಲೇಹ ತಂದಿದ್ದಳು. ಯಾವುದು ಮೊದಲು ಎಂಬ ಬಗ್ಗೆ ಅಡುಗೆಮನೆಯಲ್ಲಿ ಬಹಳ ಮರ್ಯಾದೆಯ ಯುದ್ಧವೊಂದು ನಡೆದಿತ್ತು. ನಾನು ಕಂಬಳಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಮೊದಲನೆಯ ಮೊಮ್ಮಗ ಅದನ್ನು ಬಿಚ್ಚಿಬಿಟ್ಟಿದ್ದ. ಬೀಗರು ಅಂಚಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. "ಲಿಮುರುವಿನ ಚಳಿ ನಿಮಗೆ ನೆನಪಿದೆಯಲ್ಲ! ನನ್ನ ಮಕ್ಕಳು ಕೂಡ ಹೆಸರು ಹಾಕಿಸಿ ಏನೂ ಕೊಟ್ಟಿಲ್ಲ" ಎಂದವರೇ ಎದ್ದು ಬಂದು ನನ್ನನ್ನು ತಬ್ಬಿಕೊಂಡು, "ಅಸಾಂಟೆ, ಅಸಾಂಟೆ" ಎಂದು ಥ್ಯಾಂಕ್ಸ್ ಹೇಳುತ್ತಾ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡರು. ಅಳತೆ ಸರಿಯಾಗಿ ಕೂತಿತು. ಅಡುಗೆಮನೆಯ ಬಾಗಿಲಲ್ಲಿ ಕಮಲ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ನಾನು "ಅಯ್ಯೋ, ಅದಕ್ಕೇನಂತೆ" ಎಂದೆ.

ಕಂಬಳಿ ಹೊದ್ದುಕೊಂಡೇ ಬೀಗರು ವಿಷಯಕ್ಕೆ ಬಂದರು. "ಈಗ ಮಗುವಿಗೆ ನಿಮ್ಮ ಹೆಸರು ಇಡಬೇಕು. ಹೇಳಿ, ನಿಮ್ಮ ಹೆಸರೇನು?" ನಾನು ನಕ್ಕು, "ಗಾಡ್‌ಫ್ರಿ" ಎಂದೆ. ಅವರೂ ನಕ್ಕರು. "ಅದು ಚರ್ಚಿನವರು ಕೊಟ್ಟದ್ದು. ನನಗೂ ಕೊಟ್ಟಿದ್ದಾರೆ. ನಾನು ಶಾಲೆಗೆ ಸೇರುವಾಗ ಯಾವುದೋ ಪುಸ್ತಕ ನೋಡಿ ಬರೆದುಕೊಂಡರು. ಅದರ ಕೆಳಗೆ ಮ್ವಾಂಗಿ ಇದ್ದಾನೆ. ನಿಮ್ಮದರ ಕೆಳಗೆ ಯಾರಿದ್ದಾರೆ? ಮಗುವಿಗೆ ಅದನ್ನು ಕೊಡೋಣ." ನನ್ನ ಕೆಳಗೆ ಯಾರೂ ಇಲ್ಲ ಎಂದು ಹೇಗೆ ಹೇಳುವುದು? ಸುನೀತಾ ನನ್ನ ಪರವಾಗಿ, "ಗಾಡ್‌ಫ್ರಿ ಈಸ್ ಹಿಸ್ ಓನ್ಲಿ ನೇಮ್" ಎಂದಳು. ಬೀಗರು ಕನಿಕರದಿಂದ ನನ್ನ ಕೈ ಹಿಡಿದುಕೊಂಡರು. "ಇಲ್ಲ ಮಗಳೇ, ಹಾಗೆ ಯಾರೂ ಇರೋದಿಲ್ಲ. ನಿಧಾನವಾಗಿ ನೆನಪು ಮಾಡಿಕೊಳ್ಳಲಿ. ಒಂದು ವಾರ ಕಾಯೋಣ." ಕೆವಿನ್ "ಸವಾ" ಎಂದ. ಮಗುವಿನ ಜನನಪತ್ರದ ಫಾರ್ಮಿನಲ್ಲಿ ಹೆಸರಿನ ಜಾಗ ಖಾಲಿ ಉಳಿಯಿತು.

ನನಗೆ ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಮನೆಗೆ ಬಂದು ಮಂಗಳೂರಿನಲ್ಲಿರುವ ಫ್ಲೋರಾ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಎಂಬತ್ತಾರು ವರ್ಷದ ಹೆಂಗಸು, ಚರ್ಚಿನಲ್ಲಿ ಯಾರ ಮದುವೆಗೆ ಯಾರು ಬರಲಿಲ್ಲ ಎಂಬುದೂ ಅವರಿಗೆ ನೆನಪು. "ಚಿಕ್ಕಮ್ಮ, ನಮ್ಮ ಮೊದಲ ಗೊಡ್ಪಿರಿಯಜ್ಜ ಇದ್ದರಲ್ಲ, ಅವರ ಹಳೇ ಹೆಸರು ಎಂತ?" "ಅದೆಲ್ಲ ಈಗ ಎಂತಕ್ಕೆ ಮಗಾ?" ಎಂದರು. ವಿಷಯ ಹೇಳಿದೆ. "ನೋಡು, ಆ ಹೆಸರು ಮನೆಯಲ್ಲಿ ಎತ್ತಬಾರದು ಅಂತ ಅವರೇ ಹೇಳಿದ್ದಂತೆ. ನಮ್ಮ ಅಜ್ಜಿಗೆ ಗೊತ್ತಿತ್ತು, ಹೇಳ್ಲಿಲ್ಲ. ನಮ್ಮ ಅಮ್ಮ ಕೇಳ್ಲಿಲ್ಲ. ಮರೀಬೇಕು ಅಂತಲೇ ಮರೆತದ್ದಲ್ವಾ, ಈಗ ನೀನು ಆಫ್ರಿಕಾದಿಂದ ಫೋನ್ ಮಾಡಿ ನೆನಪು ಮಾಡಿ ಅಂದ್ರೆ ನಾನು ಎಲ್ಲಿಂದ ತರ್ಲಿ?" ಆಮೇಲೆ ಅವರೇ, "ಪಾಪ, ಆ ಅಜ್ಜನಿಗೆ ಅಷ್ಟು ಬೇಡವಾಗಿತ್ತಾ ಏನೋ" ಎಂದರು. ಫೋನ್ ಇಟ್ಟ ಮೇಲೂ ಅದು ಕಿವಿಯಲ್ಲಿ ಉಳಿಯಿತು. ಒಂದು ಹೆಸರು ಬೇಡವೆನಿಸುವುದಕ್ಕೆ ಆತ ಏನೇನು ಕೇಳಿಸಿಕೊಂಡಿದ್ದನೋ, ಪಾದ್ರಿಯ ಬಾಯಿಂದ ಗೊಟ್‌ಫ್ರೀಡ್ ಎಂದು ಬಂದಾಗ ಎಷ್ಟು ಹಗುರಾಗಿದ್ದನೋ. ನಾನು ಇಷ್ಟು ವರ್ಷ ಗೊಣಗಿದ್ದು ಆತನಿಗೆ ಸಿಕ್ಕಿದ್ದ ಬಿಡುಗಡೆಯ ಮೇಲೆ ಎಂದು ಮೊದಲ ಸಲ ಹೊಳೆದು, ಒಬ್ಬನೇ ಕೂತು ಕಣ್ಣೊರೆಸಿಕೊಂಡೆ.

ಮುಂದಿನ ಭಾನುವಾರ ಬರಿಗೈಯಲ್ಲಿ ಹೋಗಿ ನಿಜ ಹೇಳಿದೆ. ಬೀಗರು ಕಂಬಳಿ ಹೊದ್ದುಕೊಂಡೇ ಬಂದಿದ್ದರು, ಎರಡು ಸಲ ತಲೆಯಾಡಿಸಿದರು. ಅವರೂ ಸುಮ್ಮನೆ ಕೂತಿರಲಿಲ್ಲ, ಊರಿನಲ್ಲಿ ಹಿರಿಯ ಹೆಂಗಸರನ್ನೆಲ್ಲ ಕೇಳಿಕೊಂಡು ಬಂದಿದ್ದರು. "ನನ್ನ ಅಮ್ಮನ ಕಡೆ ಹಿಂದೆ ಮಸಾಯಿ ಬುಡಕಟ್ಟಿನವನೊಬ್ಬ ಬಂದು ಸೇರಿದ್ದ. ಅವನ ಹೆಸರು ನಮ್ಮವರ ಬಾಯಲ್ಲಿ ಹೊರಳಲಿಲ್ಲ. ಮೊಮ್ಮಗ ಹುಟ್ಟಿದಾಗ ಮುಕಾಬಿ ಅಂತ ಇಟ್ಟರು, ಮಸಾಯಿಗಳವನು ಅಂತ. ಈಗ ನಮ್ಮಲ್ಲಿ ಮುಕಾಬಿಗಳು ಬೇಕಾದಷ್ಟಿದ್ದಾರೆ, ಒಬ್ಬನಿಗೂ ಮಸಾಯಿ ಭಾಷೆಯ ಒಂದು ಮಾತು ಬರೋದಿಲ್ಲ. ದಾರಿ ಇದೆ. ಇವನು ಮುಹಿಂದಿ ಆಗಲಿ."

ಮುಹಿಂದಿ ಎಂದರೆ ಇಂಡಿಯಾದವನು. ಇಪ್ಪತ್ತೆಂಟು ವರ್ಷಗಳಿಂದ ಮಟಾಟು ಬಸ್ಸಿನ ಕಂಡಕ್ಟರುಗಳು, ತರಕಾರಿಯವರು, ಗೇಟು ಕಾಯುವವರು ನನ್ನನ್ನು ಕರೆಯುತ್ತಾ ಬಂದದ್ದು ಹಾಗೆಯೇ. "ಓಯ್ ಮುಹಿಂದಿ, ಮುಂದೆ ಹೋಗು." ಸಾಲದ್ದಕ್ಕೆ ಈಗ ಮೊಮ್ಮಗನಿಗೂ ಅದೇ! "ಅದು ಹೆಸರಲ್ಲ, ಬೀದಿಯಲ್ಲಿ ಕೂಗುವ ಗುರುತು" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. "ಮ್ವಾಂಗಿಯೂ ಮೊದಲು ಯಾರೋ ಯಾರನ್ನೋ ಕೂಗಿದ್ದೇ ಇರಬೇಕಲ್ಲ" ಎಂದರು ಬೀಗರು. ಕೆವಿನ್ "ಸವಾ" ಎಂದ. ಮಗಳನ್ನು ನೋಡಿದೆ. "ಐ ಲೈಕ್ ಇಟ್, ಪಪ್ಪಾ" ಎಂದಳು. ಕಮಲಳನ್ನು ಕರೆದುಕೊಂಡು ಎದ್ದು ಬಂದೆ.

ಲಂಗಾಟಾ ರಸ್ತೆಯಲ್ಲಿ ಎಂದಿನ ಜಾಮು. ಕಾರು ನಿಂತಲ್ಲೇ ನಿಂತಿತ್ತು, ನನ್ನ ಬಾಯಿ ಮಾತ್ರ ಓಡುತ್ತಿತ್ತು. ಹುಡುಗ ಬೆಳೆದು ಎಲ್ಲೋ ಹೋಗಿ ಹೆಸರು ಹೇಳಿದರೆ, ಅವನ ಗುಂಗುರು ಕೂದಲು, ಅವನ ಮುಖ ನೋಡಿ ಇದು ನಿನ್ನ ಹೆಸರಲ್ಲ ಎನ್ನುತ್ತಾರೆ, ನನ್ನ ಗತಿಯೇ ಅವನಿಗೂ, ಗಾಡ್‌ಫ್ರಿ ಎಂದಿಟ್ಟಿದ್ದರೆ ಈ ದೇಶದಲ್ಲಿ ಅವನೊಬ್ಬ ಸುಖವಾಗಿರುತ್ತಿದ್ದ ಎಂದೆಲ್ಲ ಹೇಳಿದೆ. ಕಮಲ ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: "ಅಲ್ಲಾ, ಊರಿನಲ್ಲಿ ನಿಮ್ಮ ಹೆಸರು ಕೇಳಿ ಒಬ್ಬನಾದರೂ ನೀವು ಇಂಡಿಯಾದವರು ಅಂತ ಒಂದೇ ಸಲಕ್ಕೆ ಒಪ್ಪಿದ್ದುಂಟಾ? ಇವರು ಸರ್ಟಿಫಿಕೇಟಿನಲ್ಲಿ ಬರೆದೇ ಕೊಡ್ತೇನೆ ಅಂತಿದ್ದಾರೆ. ಸುಮ್ಮನೆ ತಕ್ಕೊಳ್ಳಿ." ಮುಂದಿನ ಕಾರು ಚಲಿಸಿತು. ನಾನು ಗೇರು ಹಾಕಿದೆ.

ಹೆಸರು ಫಾರ್ಮಿಗೆ ಹೋಯಿತು. ನಾನು ಸೋತೆ ಎಂದು ಒಪ್ಪಿಕೊಂಡೆ, ಆದರೆ ಬಾಯಿಬಿಟ್ಟು ಆ ಹೆಸರನ್ನು ಕರೆಯಲಿಲ್ಲ. "ಮಗು", "ಪುಟ್ಟ", "ಬಂಗಾರ" ಎಂದು ಮೂರು ತಿಂಗಳು ತಳ್ಳಿದೆ. ಮೊನ್ನೆ ಮಗಳ ಮನೆಗೆ ಮಧ್ಯಾಹ್ನದ ಊಟಕ್ಕೆ ಹೋಗಿದ್ದೆವು. ಮಂಡಿನೋವು, ಸೆಖೆ, ಕಾಲೇಜಿನ ಹೊಸ ಪ್ರಿನ್ಸಿಪಾಲರು ಎಂದು ನಾನು ಹೊರಗೆ ಸೋಫಾದಲ್ಲಿ ಕೆವಿನ್‌ಗೆ ವರದಿ ಒಪ್ಪಿಸುತ್ತಿದ್ದೆ. ಒಳಗೆ ಮಗು ಒಂದೇ ಸಮನೆ ರಾಗ ತೆಗೆದಿತ್ತು. ಆಗ ಸುನೀತಾಳ ದನಿ ಕೇಳಿತು. "ಸಾಕು ಪಪ್ಪಾ, ಎಷ್ಟು ಗೊಣಗ್ತೀರಿ? ಎಲ್ಲರೂ ಇಲ್ಲೇ ಇದ್ದಾರಲ್ಲ."

ನಾನು ಥಟ್ಟನೆ ಮಾತು ನಿಲ್ಲಿಸಿದೆ. ಕೆವಿನ್ ನಕ್ಕು, ಅದು ಮಗುವಿಗೆ ಹೇಳಿದ್ದು ಎಂದು ವಿವರಿಸಿದ. ಅಪ್ಪನ ಹೆಸರು ಹೊತ್ತ ಮಗನನ್ನು ತಾಯಿ ಅಪ್ಪ ಎಂದೇ ಕರೆಯಬೇಕಂತೆ, ಆ ಮರ್ಯಾದೆಯಲ್ಲೇ ಮಾತಾಡಿಸಬೇಕಂತೆ, ಅತ್ತೆ ಕಲಿಸಿದ್ದು. ನನಗೆ ಆಶ್ಚರ್ಯವಾದದ್ದು ಅದಕ್ಕಲ್ಲ. ಮೂವತ್ತೊಂದು ವರ್ಷದ ಆ ಹುಡುಗಿ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು. ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಹೊರಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಈ ಮೂರು ತಿಂಗಳ ಪಪ್ಪನಿಗೆ ಅವಳು ಬಹುವಚನದ ಸಮೇತ ಮಾತಾಡುತ್ತಿದ್ದಳು.

ಒಳಗೆ ಹೋದೆ. ಮಗುವನ್ನು ನನ್ನ ಕೈಗೆ ಕೊಟ್ಟು, "ಟೇಕ್ ಹಿಮ್, ಪಪ್ಪಾ, ಐಯಾಮ್ ಟಯರ್ಡ್" ಎಂದಳು. ನನ್ನ ಪಾಲಿಗೆ ಇಂಗ್ಲಿಷೇ. ಎದೆಗೆ ಒರಗಿಸಿಕೊಂಡು ಕಿಟಕಿಯ ಹತ್ತಿರ ನಿಂತೆ. ಅಳು ನಿಲ್ಲಲಿಲ್ಲ. ಸುತ್ತ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವನ ಕಿವಿಯ ಬಳಿ ಮೆಲ್ಲಗೆ "ಮುಹಿಂದಿ" ಎಂದೆ. ಅಳು ಅರ್ಧಕ್ಕೇ ಬಿಟ್ಟು ತಿರುಗಿ ನನ್ನ ಮುಖ ನೋಡಿದ, ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕ. ಯಾರಾದರೂ ಹೆಸರು ಹಿಡಿದು ಕರೆದಾಗ ನಾನು ಅಷ್ಟು ಸಂತೋಷದಿಂದ ತಿರುಗಿ ನೋಡಿದ್ದು ಈ ಅರವತ್ತೊಂದು ವರ್ಷದಲ್ಲಿ ಒಮ್ಮೆಯೂ ನೆನಪಿಲ್ಲ.